ಬಂಡೆ ಓತಿಯ ನೆಲೆ: ಶಿವಗಂಗೆ, ಮಾಕಳಿದುರ್ಗ ಸೀಮೆಯಲ್ಲಿ ಎತ್ತರದ ಅರ್ಥ

ಲಡಾಖ್‌ನಲ್ಲಿ 4,000 ಮೀಟರಿಗೂ ಮೇಲೆ ಬದುಕುವ ಫ್ರೈನೊಸೆಫಾಲಸ್ ಥಿಯೊಬಾಲ್ಡಿ ಎಂಬ ಓತಿ ಮೊಟ್ಟೆ ಇಡುವುದಿಲ್ಲ, ಮರಿ ಹಾಕುತ್ತದೆ. ಮೊಟ್ಟೆಗೆ ಕಾವು ಸಾಲದಷ್ಟು ಅಲ್ಲಿನ ನೆಲ ತಣ್ಣಗಿರುತ್ತದೆ. ತಾಯಿಯಾದರೋ ಬಿಸಿಲಿಗೆ ಮೈಯೊಡ್ಡಿ ಒಡಲ ಮರಿಗಳನ್ನೂ ಬೆಚ್ಚಗಿಡಬಲ್ಲದು.

ಬೆಂಗಳೂರು ಗ್ರಾಮಾಂತರದ ಬೆಟ್ಟಗಳಿಗೆ ಎತ್ತರವೆಂದರೆ ಚಳಿ ಎಂಬ ಈ ಅಳತೆಗೋಲು ಹೊಂದುವುದಿಲ್ಲ. ಪಕ್ಕದ ನಂದಿಬೆಟ್ಟವೇ 1,478 ಮೀಟರ್. ನೆಲಮಂಗಲದ ಶಿವಗಂಗೆಯಲ್ಲಾಗಲಿ ದೊಡ್ಡಬಳ್ಳಾಪುರದ ಮಾಕಳಿದುರ್ಗದಲ್ಲಾಗಲಿ ನೆತ್ತಿ ಬೋಳಾಗಿರುವುದು ಚಳಿಯಿಂದಲ್ಲ, ಅರೆಯ ಮೇಲೆ ಮಣ್ಣು ನಿಲ್ಲದ್ದರಿಂದ. ಆದ್ದರಿಂದ ಇಲ್ಲಿನ ಬಂಡೆ ಓತಿ, ಸ್ಯಾಮೊಫಿಲಸ್ ಡಾರ್ಸಾಲಿಸ್, ಎತ್ತರದ ಜೀವಿಯಲ್ಲ, ಬೆತ್ತಲೆ ಕಲ್ಲಿನ ಜೀವಿ. ಹೊಲದ ನಡುವಿನ ಗುಂಡುಕಲ್ಲೂ ಅದಕ್ಕೆ ಬೆಟ್ಟವೇ.

ಕಲ್ಲಿನ ಮೇಲೆ ಅದರ ಬಾಳು ಪೂರಾ ಬಯಲು. ಗಂಡು ಎದುರಾಳಿಯನ್ನು ಕಂಡರೆ ಬೆನ್ನು ಹಳದಿ, ಪಕ್ಕೆ ಕಿತ್ತಳೆ. ಹೆಣ್ಣಿನೆದುರು ಬೆನ್ನು ಕೆಂಪು, ಪಕ್ಕೆ ಕಪ್ಪು. ಭಾರತೀಯ ವಿಜ್ಞಾನ ಸಂಸ್ಥೆಯ ಅನುರಾಧಾ ಬಟಬ್ಯಾಲ್ ಮತ್ತು ಮರಿಯಾ ಠಾಕರ್ 2017ರಲ್ಲಿ ತೋರಿಸಿದಂತೆ, ಜಗಳದಲ್ಲಿ ಬಣ್ಣ ಬದಲಾಗುವ ವೇಗ ಹೆಚ್ಚು, ಪ್ರಣಯದಲ್ಲಿ ಬಣ್ಣದ ಎದ್ದುಕಾಣುವಿಕೆ ಹೆಚ್ಚು. ಒಂದೇ ಚರ್ಮ ಎರಡು ಮಾತನ್ನು ಎರಡು ಬಗೆಯಲ್ಲಿ ಆಡುತ್ತದೆ; ಈ ಪ್ರಾಣಿಯ ಕುರಿತು ನಾನು ಓದಿದ್ದರಲ್ಲಿ ಇದಕ್ಕಿಂತ ಸೊಗಸಾದದ್ದಿಲ್ಲ. ಅವರೇ 2019ರಲ್ಲಿ ವರದಿ ಮಾಡಿದಂತೆ, ಸುರಕ್ಷಿತ ಅಡಗುತಾಣ ಯಾವುದೆಂಬುದನ್ನು ನಗರದಂಚಿನ ಓತಿಗಳು ಹಳ್ಳಿಯವುಗಳಿಗಿಂತ ಬೇಗ ಕಲಿಯುತ್ತವೆ. ನಗರ ಹಬ್ಬಿದರೂ ಓತಿ ಹೊಂದಿಕೊಂಡೀತು ಎಂಬ ಸಮಾಧಾನಕ್ಕೆ ಇದನ್ನು ಆಧಾರ ಮಾಡಿಕೊಳ್ಳುವುದು ತಪ್ಪು. ಕಲಿಕೆಗೂ ಅಡಗಲು ಕಲ್ಲಿನ ಸಂದು ಬೇಕು.

ಸಂದಿನಷ್ಟೇ ಮಣ್ಣೂ ಬೇಕು. ಲಡಾಖಿನ ಓತಿಯಂತಲ್ಲದೆ ನಮ್ಮದು ಮೊಟ್ಟೆ ಇಡುತ್ತದೆ, ಅದೂ ನೆಲ ತೋಡಿ. ಗಂಡು ಮೆರೆಯುವ ಬಂಡೆಯೂ ಹೆಣ್ಣು ಮೊಟ್ಟೆ ಹೂಳುವ ಮಣ್ಣೂ ಸೇರಿದರೇ ಒಂದು ನೆಲೆ. ಕಲ್ಲುಗಣಿ ಮೊದಲನೆಯದನ್ನು ಒಡೆಯುತ್ತದೆ. ಬಡಾವಣೆಗೆಂದು ಬುಡ ಮಟ್ಟಮಾಡುವ ಜೆಸಿಬಿ ಎರಡನೆಯದನ್ನು. ಬೆಟ್ಟದ ನೆತ್ತಿಯನ್ನಷ್ಟೇ ಗುರುತಿಸಿ ಕಾಯುವ ಯೋಜನೆ ಈ ಎರಡನೆಯ ನಷ್ಟವನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಈ ಓತಿಗಳಲ್ಲಿ ಹೆಚ್ಚಿನವು ಒಂದೇ ಸಂತಾನಕಾಲವನ್ನು ಕಾಣುವಂಥವು. ಹಾಗಾಗಿ ಮೊಟ್ಟೆಗಳು ಮಣ್ಣಿನಲ್ಲಿರುವ ತಿಂಗಳುಗಳಲ್ಲಿ ಒಂದು ಬೆಟ್ಟದ ಬುಡ ಅಗೆದರೆ, ಮರುವರ್ಷ ಆ ಬಂಡೆಯೇರಬೇಕಾದ ಪೀಳಿಗೆಯೇ ಇಲ್ಲವಾಗಬಹುದು.