ತಾಯಿಯ ಹೆಸರು ಸಾಲದೇ?

ಹಳೆಯ ಮೈಸೂರಿನ ಕಡೆಯಿಂದ ಮುಂಬಯಿಗೆ ಬಂದು ನೆಲೆಸಿದವರಿಗೆ ಇಲ್ಲಿನ ಶಾಲೆಯ ಅರ್ಜಿ ಮೊದಲಿಗೆ ಒಂದು ಒಗಟೇ ಸರಿ. ಊರಿನಲ್ಲಿ ಹೆಸರಿನ ಜೊತೆಗೆ ಒಂದೆರಡು ಅಕ್ಷರವಿದ್ದರೆ ಸಾಕಿತ್ತು. ಇಲ್ಲಿ ಮಗುವಿನ ಹೆಸರು, ತಂದೆಯ ಹೆಸರು, ಅಡ್ಡಹೆಸರು ಎಲ್ಲವನ್ನೂ ತುಂಬಬೇಕು. ನಮ್ಮಲ್ಲಿ ಎಷ್ಟೋ ಮಂದಿ ಊರಿನ ಹೆಸರನ್ನೋ ಅಜ್ಜನ ಹೆಸರನ್ನೋ ಅಡ್ಡಹೆಸರಾಗಿ ಮಾಡಿಕೊಂಡು, ನಕ್ಕು ಸುಮ್ಮನಾದೆವು. ಆದರೆ ಮದುವೆಯಾಗದ ತಾಯಿಯೊಬ್ಬಳು ಅದೇ ಅರ್ಜಿಯನ್ನು ಕೈಗೆತ್ತಿಕೊಂಡಾಗ ಅದು ನಗುವ ಮಾತಾಗಿ ಉಳಿಯುವುದಿಲ್ಲ. ತಂದೆಯ ಹೆಸರಿನ ಜಾಗವನ್ನು ಖಾಲಿ ಬಿಟ್ಟರೆ ಗುಮಾಸ್ತರ ಹುಬ್ಬು ಮೇಲೇರುತ್ತದೆ. ಸಾಲಿನಲ್ಲಿ ಹಿಂದೆ ನಿಂತವರ ಕಿವಿ ನಿಮಿರುತ್ತದೆ.

ಈ ಪ್ರಶ್ನೆ ಹೊಸದೇನಲ್ಲ. ಛಾಂದೋಗ್ಯ ಉಪನಿಷತ್ತಿನ ಬಾಲಕ ಸತ್ಯಕಾಮನು ಗುರುಕುಲಕ್ಕೆ ಹೊರಟಾಗ ತನ್ನ ಗೋತ್ರ ಯಾವುದೆಂದು ತಾಯಿಯನ್ನು ಕೇಳಿದ. ತನಗೆ ತಿಳಿಯದೆಂದೂ, ತನ್ನ ಹೆಸರು ಜಬಾಲೆಯಾದ್ದರಿಂದ ಸತ್ಯಕಾಮ ಜಾಬಾಲನೆಂದು ಹೇಳಿಕೊಳ್ಳಬೇಕೆಂದೂ ಆಕೆ ಹೇಳಿದಳು. ಹುಡುಗ ಅದನ್ನೇ ಹೇಳಿದ. ಗುರು ಗೌತಮನು ಅವನ ಸತ್ಯಕ್ಕೆ ಮೆಚ್ಚಿ ಶಿಷ್ಯನನ್ನಾಗಿ ಸ್ವೀಕರಿಸಿದ.

ಅರಸರೂ ತಾಯಿಯ ಕಡೆಯಿಂದ ಹೆಸರು ಪಡೆದು ಹೆಮ್ಮೆಪಟ್ಟಿದ್ದಾರೆ. ನಾಸಿಕದ ಗುಹಾಶಾಸನದಲ್ಲಿ ಗೌತಮೀಪುತ್ರ ಶಾತಕರ್ಣಿಯ ಪರಾಕ್ರಮವನ್ನು ಕೊಂಡಾಡಿರುವವಳು ಅವನ ತಾಯಿ ಗೌತಮೀ ಬಲಶ್ರೀ. ನಮ್ಮ ಕದಂಬರೂ ಬಾದಾಮಿಯ ಚಾಲುಕ್ಯರೂ ಶಾಸನಗಳಲ್ಲಿ ತಮ್ಮನ್ನು ಹಾರಿತೀಪುತ್ರರೆಂದೇ ಕರೆದುಕೊಂಡರು. ಇಂದಿಗೂ ಮುಂಬಯಿಯ ತುಳುನಾಡಿನ ಬಂಧುಗಳಲ್ಲಿ ಅಳಿಯಸಂತಾನದ ಮನೆಗಳ ಮಕ್ಕಳಿಗೆ ‘ಬಳಿ’ ಬರುವುದು ತಾಯಿಯಿಂದ. ಇವರೆಲ್ಲ ಮದುವೆಯಾಗದ ತಾಯಂದಿರ ಮಕ್ಕಳಲ್ಲ, ನಿಜ. ಆದರೂ ತಾಯಿಯ ಮೂಲಕ ಗುರುತಿಸಿಕೊಳ್ಳುವುದು ನಮ್ಮ ನೆಲದಲ್ಲಿ ಅವಮಾನವೆನಿಸಿರಲಿಲ್ಲ ಎಂಬುದಕ್ಕೆ ಇಷ್ಟು ಸಾಕು.

ಇನ್ನು ಕಾಯಿದೆಯ ಮಾತು. 1956ರ ಹಿಂದೂ ಅಪ್ರಾಪ್ತವಯಸ್ಕರ ಪಾಲಕತ್ವ ಕಾಯಿದೆ, ವಿವಾಹದ ಹೊರಗೆ ಹುಟ್ಟಿದ ಮಗುವಿಗೆ ತಾಯಿಯೇ ಮೊದಲ ಸಹಜ ಪಾಲಕಿ, ಅವಳ ಅನಂತರ ತಂದೆ ಎಂದು ಸ್ಪಷ್ಟವಾಗಿಯೇ ಹೇಳಿತು. ಆದರೆ ಪುಸ್ತಕದಲ್ಲಿದ್ದ ಈ ಮಾತು ಕಚೇರಿಯ ಕಿಟಕಿಯವರೆಗೆ ನಡೆದು ಬರಲು ಬಹಳ ವರ್ಷಗಳು ಹಿಡಿದವು.

ದೆಹಲಿಯ ಒಬ್ಬ ಕ್ರೈಸ್ತ ಮಹಿಳೆ, ಉದ್ಯೋಗಸ್ಥೆ, ತನ್ನ ಉಳಿತಾಯಕ್ಕೆ ಮಗನನ್ನು ನಾಮಿನಿಯಾಗಿ ಹೆಸರಿಸಲು ಹೋದಾಗ, ತಂದೆಯ ಹೆಸರು ಹೇಳಬೇಕು, ಇಲ್ಲವೇ ಪಾಲಕತ್ವದ ಪತ್ರ ತರಬೇಕು ಎಂಬ ಉತ್ತರ ಬಂತು. ಆಕೆ ನ್ಯಾಯಾಲಯಕ್ಕೆ ಹೋದರೆ, 1890ರ ಪಾಲಕತ್ವ ಕಾಯಿದೆಯ ಪ್ರಕಾರ ಮಗುವಿನ ತಂದೆಗೆ ನೋಟೀಸು ಹೋಗಬೇಕೆಂದರು. ಆಕೆ ಹೆಸರು ಹೇಳಲೊಪ್ಪಲಿಲ್ಲ. 2011ರಲ್ಲಿ ಕೆಳಗಿನ ನ್ಯಾಯಾಲಯವೂ ಉಚ್ಚ ನ್ಯಾಯಾಲಯವೂ ಆಕೆಯನ್ನು ಬರಿಗೈಯಲ್ಲಿ ಕಳಿಸಿದವು. ಕೊನೆಗೆ 2015ರ ಜುಲೈ 6ರಂದು ಸರ್ವೋಚ್ಚ ನ್ಯಾಯಾಲಯ ಆಕೆಯ ಪರವಾಗಿ ತೀರ್ಪಿತ್ತಿತು. ನೋಟೀಸು ಬೇಕಿಲ್ಲ, ಅವಿವಾಹಿತ ತಾಯಿ ಪ್ರಮಾಣಪತ್ರವೊಂದನ್ನು ಸಲ್ಲಿಸಿದರೆ ಮಗುವಿನ ಜನನಪತ್ರ ಕೊಡಬೇಕು ಎಂದಿತು.

ಆ ತೀರ್ಪಿನ ಒಂದು ಸಂಗತಿ ನಮ್ಮ ಮನಸ್ಸನ್ನು ವಿಶೇಷವಾಗಿ ತಟ್ಟಿದೆ. ತನ್ನ ತಂದೆ ಯಾರೆಂದು ತಿಳಿಯುವ ಹಕ್ಕು ಮಗುವಿಗಿದೆಯಲ್ಲವೇ ಎಂದು ನ್ಯಾಯಾಧೀಶರು ಯೋಚಿಸಿದರು. ತಾಯಿ ವಿವರಗಳನ್ನು ಬರೆದುಕೊಟ್ಟಳು; ಅದನ್ನು ಲಕೋಟೆಯಲ್ಲಿಟ್ಟು ಮೊಹರು ಮಾಡಲಾಯಿತು. ನ್ಯಾಯಾಲಯದ ಅಪ್ಪಣೆಯಿಲ್ಲದೆ ಯಾರೂ ಅದನ್ನು ಓದುವಂತಿಲ್ಲ. ತಂದೆಯ ಹೆಸರನ್ನು ತಿಳಿಯುವ ಹಕ್ಕು ಮಗುವಿನದು, ಸಾಲಿನಲ್ಲಿ ನಿಂತವರದಲ್ಲ. ನಮಗೆ ಈ ಲಕೋಟೆ ಕಲಿಸುವ ಪಾಠ ಇದೇ.

ಹಾಗೆಂದು ತಂದೆಯ ಬಾಗಿಲು ಮುಚ್ಚಿಹೋಗಿಲ್ಲ. ಪಾಲಕತ್ವದ ಆಜ್ಞೆ ಎಂದಿಗೂ ಶಾಶ್ವತವಲ್ಲ. ಮಗುವಿನ ಹಿತಕ್ಕಾಗಿ ಅದನ್ನು ಮುಂದೆ ಪ್ರಶ್ನಿಸಬಹುದೆಂದೂ ಅದೇ ತೀರ್ಪು ಹೇಳಿದೆ. ಹೊಣೆ ಹೊರಲು ಮುಂದೆ ಬರುವ ತಂದೆಯನ್ನು ಯಾರು ತಾನೇ ಬೇಡವೆಂದಾರು?

ಅಡ್ಡಹೆಸರಿನ ಪ್ರಶ್ನೆ ನೇರವಾಗಿ ಬಂದದ್ದು 2022ರಲ್ಲಿ, ಮರುಮದುವೆಯಾದ ಒಬ್ಬ ವಿಧವೆಯ ಮೊಕದ್ದಮೆಯಲ್ಲಿ. ಸಹಜ ಪಾಲಕಿಯಾದ ತಾಯಿಗೆ ಮಗುವಿನ ಅಡ್ಡಹೆಸರನ್ನು ನಿರ್ಧರಿಸುವ ಹಕ್ಕಿದೆ ಎಂದು ಸರ್ವೋಚ್ಚ ನ್ಯಾಯಾಲಯ ಹೇಳಿತು. ಮೊದಲ ಪಾಲಕಿಯೆಂದು 1956ರಲ್ಲೇ ಒಪ್ಪಿದ ಅವಿವಾಹಿತ ತಾಯಿಗೆ ಇದೇ ನ್ಯಾಯ ಸಲ್ಲಬೇಕೆಂಬುದು ನಮ್ಮ ಅಭಿಪ್ರಾಯ. ನಾವಿರುವ ಮಹಾರಾಷ್ಟ್ರದಲ್ಲಂತೂ 2024ರ ಮೇ 1ರಿಂದೀಚೆಗೆ ಹುಟ್ಟಿದ ಮಕ್ಕಳ ಸರಕಾರಿ ದಾಖಲೆಗಳಲ್ಲಿ ತಾಯಿಯ ಹೆಸರು ಕಡ್ಡಾಯವಾಗಿದೆ. ಅದರ ಸ್ಥಾನವೂ ತಂದೆಯ ಹೆಸರಿಗಿಂತ ಮೊದಲು.

ಸರಕಾರ ಬದಲಾಯಿತು, ನ್ಯಾಯಾಲಯ ಬದಲಾಯಿತು. ನಾವು? ನಮ್ಮ ಸಂಘದ ಕನ್ನಡ ತರಗತಿಯ ಅರ್ಜಿಯಲ್ಲಿ ಇನ್ನೂ ‘ತಂದೆಯ ಹೆಸರು’ ಎಂಬ ಒಂದೇ ಸಾಲಿದೆ. ಮುಂದಿನ ಬಾರಿ ಅಚ್ಚು ಹಾಕಿಸುವಾಗ ಅಲ್ಲಿ ‘ತಾಯಿ ಅಥವಾ ತಂದೆಯ ಹೆಸರು’ ಎಂದಿರಲಿ. ಅಕ್ಷರ ಕಲಿಯಬಂದ ಮಗುವನ್ನು ಗೌತಮನು ಹಿಂದಕ್ಕೆ ಕಳಿಸಲಿಲ್ಲ. ನಾವೂ ಕಳಿಸುವುದು ಬೇಡ.