ಲೊಕ್ಕಿಗುಂಡಿಯ ಹೊನ್ನು: ಟಂಕಸಾಲೆಯ ತಪ್ಪು, ಸರಾಫನ ಗಾಯ

ಗುಡಿಗಳಿಗೂ ಬಾವಿಗಳಿಗೂ ಹೆಸರಾದ, ಗದಗಿನ ಮಗ್ಗುಲಲ್ಲಿರುವ ಲಕ್ಕುಂಡಿ ಕಲ್ಯಾಣ ಚಾಲುಕ್ಯರ ಕಾಲಕ್ಕೆ ಲೊಕ್ಕಿಗುಂಡಿ. ಅಲ್ಲಿ ಟಂಕಸಾಲೆಯಿತ್ತು. ಅದರ ಚಿನ್ನದ ನಾಣ್ಯ ‘ಲೊಕ್ಕಿ ಗದ್ಯಾಣ’ ಆ ಕಾಲದ ದತ್ತಿ ಶಾಸನಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಇದೇ ಜಿಲ್ಲೆಯ ಸೂಡಿಯಲ್ಲೂ ನಾಣ್ಯ ಅಚ್ಚಾಗುತ್ತಿತ್ತು.

ಆ ಕಾಲದ ಚಿನ್ನದ ನಾಣ್ಯವನ್ನು ಮೊದಲ ಸಲ ನೋಡಿದವರು ಯಾರೋ ಜಜ್ಜಿ ಹಾಳು ಮಾಡಿದ್ದಾರೆ ಎಂದುಕೊಳ್ಳುವುದುಂಟು. ಅಂಚು ಸೊಟ್ಟ, ನಡುವೆ ತಗ್ಗು, ಗುರುತುಗಳು ಒಂದರ ಮೇಲೊಂದು, ಹಿಂಬದಿ ಬಹುಪಾಲು ಬೋಳು. ಅಸಲಿಗೆ ಅದು ತಯಾರಿಕೆಯ ರೀತಿ. ತೂಗಿದ ಬಿಲ್ಲೆಯ ಮೇಲೆ ಕಮಲ, ಸಿಂಹ, ‘ಶ್ರೀ’, ರಾಜನ ಬಿರುದು ಹೀಗೆ ಬೇರೆ ಬೇರೆ ಮುದ್ರೆಗಳನ್ನು ಒಂದೊಂದಾಗಿ ಸುತ್ತಿಗೆಯಿಂದ ಹೊಡೆಯುತ್ತಿದ್ದರು. ಪ್ರತಿ ಪೆಟ್ಟಿಗೂ ಬಿಲ್ಲೆ ಬಾಗಿ ಬಟ್ಟಲಿನಂತಾಗುತ್ತಿತ್ತು. ಒಂದು ಮುದ್ರೆ ಇನ್ನೊಂದನ್ನು ಅಳಿಸಿದ್ದರೆ ಯಾವುದು ಮೊದಲು ಬಿತ್ತು, ಯಾವುದು ಆಮೇಲೆ ಎಂಬುದೂ ತಿಳಿಯುತ್ತದೆ.

ಹಾಗಾದರೆ ತಪ್ಪು ಯಾವುದು? ಮುದ್ರೆ ಜಾರಿ ಅರ್ಧ ಹೊರಗೆ ಬಿದ್ದದ್ದು, ಅದೇ ಮುದ್ರೆ ಎರಡು ಸಲ ಬಿದ್ದದ್ದು, ಪೆಟ್ಟು ಸಾಲದೆ ಅಕ್ಷರ ಮಸುಕಾದದ್ದು.

ಇವನ್ನು ಆಮೇಲೆ ಆದ ಗಾಯಗಳಿಂದ ಬೇರ್ಪಡಿಸಲು ತಕ್ಕಡಿ ನೆರವಿಗೆ ಬರುತ್ತದೆ. ಅಂಚಿನ ಸಿಂಹ ಅರ್ಧವೇ ಇದ್ದರೂ ತೂಕ ಪೂರ್ತಿಯಿದ್ದರೆ ಕೈತಪ್ಪಿದ್ದು ಟಂಕಸಾಲೆಯಲ್ಲಿ. ತೂಕ ಕಡಿಮೆಯಿದ್ದು ಅಂಚು ಚೂಪಾಗಿ ನೇರವಾಗಿದ್ದರೆ ಯಾರೋ ಚಿನ್ನ ಕತ್ತರಿಸಿಕೊಂಡಿರಬೇಕೆಂಬ ಶಂಕೆ ಬಲವಾಗುತ್ತದೆ. ಚೊಕ್ಕತನ ಪರೀಕ್ಷಿಸಲು ಸರಾಫರು ಹಾಕಿದ ಕಚ್ಚು ಕಮಲ, ಅಕ್ಷರ ಎನ್ನದೆ ಎಲ್ಲವನ್ನೂ ಸೀಳಿ ಹೋಗುತ್ತದೆ. ಸರಕ್ಕೆ ಪೋಣಿಸಿದ ನಾಣ್ಯದಲ್ಲಿ ತೂತು ಇಲ್ಲವೇ ಕೊಂಡಿ ಕಿತ್ತ ಬೆಸುಗೆಯ ಕಲೆ ಉಳಿಯುತ್ತದೆ. ಮೈಗೆ ಉಜ್ಜಿ ಉಬ್ಬುಗಳಷ್ಟೇ ಸವೆದಿರುತ್ತವೆ.

ಕಂಪನಿ ಸರ್ಕಾರ 1835ರಲ್ಲಿ ಒಂದೇ ಮಾದರಿಯ ರೂಪಾಯಿ ತಂದ ಮೇಲೆ ಲೆಕ್ಕ ಬದಲಾಯಿತು. ಯಂತ್ರದ ನಾಣ್ಯಗಳು ಒಂದರಂತೆ ಒಂದಿರಬೇಕು; ಆದ್ದರಿಂದ ಸಣ್ಣ ವ್ಯತ್ಯಾಸವೂ ಎದ್ದು ಕಾಣುತ್ತದೆ. ಅಚ್ಚು ಬಿರುಕು ಬಿಟ್ಟಿದ್ದರೆ ಲೋಹ ಆ ಬಿರುಕಿಗೆ ನುಗ್ಗಿ ನಾಣ್ಯದ ಮೇಲೆ ಉಬ್ಬಿದ ಗೆರೆಯಾಗುತ್ತದೆ. ಆಮೇಲೆ ಬಿದ್ದ ಗೀರು ತಗ್ಗಾಗಿರುತ್ತದೆ. ಹಿಂದಿನ ನಾಣ್ಯ ಅಚ್ಚಿಗೆ ಅಂಟಿಕೊಂಡು ಉಳಿದರೆ ಮುಂದಿನದರ ಒಂದು ಬದಿಗೆ ಅದೇ ಚಿತ್ರ ತಿರುಗುಮುರುಗಾಗಿ, ಒಳಕ್ಕೆ ಇಳಿದಂತೆ ಮೂಡುತ್ತದೆ. ಸಂಗ್ರಹಕಾರರು ಹೆಚ್ಚು ಬೆಲೆ ಕೊಡುವುದು ಇಂಥವಕ್ಕೆ.

ಹೊಲದಲ್ಲಿ ಸಿಕ್ಕ ತಾಮ್ರದ ಕಾಸನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿದರೆ ಈ ಪರೀಕ್ಷೆಗಳಲ್ಲಿ ಹಲವು ನಡೆಯುವುದೇ ಇಲ್ಲ: ಹುಳಿ ಮೇಲ್ಪದರವನ್ನು ತಿನ್ನುತ್ತದೆ, ಹಳೆಯ ಗೆರೆಗಳ ಜೊತೆ ಹೊಸ ಗೀರುಗಳು ಬೆರೆಯುತ್ತವೆ.