ಓಡುವ ಸರ್ವರ್‌ನಲ್ಲಿ ಮೆಮೊರಿ ಸೋರಿಕೆಯ ಪತ್ತೆ: ವಿಧಾನಗಳ ಚರಿತ್ರೆ, 1960–2012

1992ರ ನವೆಂಬರ್ 4ರ ನಸುಕಿನಲ್ಲಿ ಎರಡು ಗಂಟೆ ದಾಟುತ್ತಿದ್ದಂತೆ ಲಂಡನ್ ಆಂಬ್ಯುಲೆನ್ಸ್ ಸೇವೆಯ ಕಂಪ್ಯೂಟರ್ ವ್ಯವಸ್ಥೆ ನಿಧಾನವಾಗುತ್ತಾ ಬಂದು ಕೊನೆಗೆ ನಿಂತೇಹೋಯಿತು. ಮತ್ತೆ ಚಾಲೂ ಮಾಡಿ ನೋಡಿದರೂ ಫಲ ಸಿಗಲಿಲ್ಲ. ಸಿಬ್ಬಂದಿ ಕಾಗದದ ಪದ್ಧತಿಗೆ ಮರಳಬೇಕಾಯಿತು. 1993ರ ಫೆಬ್ರವರಿಯಲ್ಲಿ ಹೊರಬಂದ ವಿಚಾರಣಾ ವರದಿ ಕಾರಣವನ್ನು ಬಿಡಿಸಿ ಹೇಳಿದೆ. ಸುಮಾರು ಮೂರು ವಾರ ಮೊದಲು ನಡೆದ ಕೆಲಸದಲ್ಲಿ ಕೋಡಿನ ಒಂದು ತುಣುಕು ಅಚಾತುರ್ಯದಿಂದ ಒಳಗೇ ಉಳಿದಿತ್ತು. ವಾಹನವೊಂದಕ್ಕೆ ಆದೇಶ ಹೊರಟಾಗಲೆಲ್ಲ ಅದು ಫೈಲ್ ಸರ್ವರ್‌ನ ಚೂರು ಮೆಮೊರಿಯನ್ನು ಹಿಡಿದಿಟ್ಟುಕೊಳ್ಳುತ್ತಿತ್ತು, ಮರಳಿ ಬಿಡುತ್ತಿರಲಿಲ್ಲ. ಒಂದು ಆದೇಶದ ಮಟ್ಟಿಗೆ ಲೆಕ್ಕಕ್ಕೇ ಬಾರದ ಈ ನಷ್ಟ ಮೂರು ವಾರದಲ್ಲಿ ಇಡೀ ಮೆಮೊರಿಯನ್ನು ನುಂಗಿತು.

ಸರ್ವರ್‌ನ ಸೋರಿಕೆಯ ಸ್ವಭಾವ ಈ ಪ್ರಕರಣದಲ್ಲಿ ನಿಚ್ಚಳವಾಗಿ ಕಾಣುತ್ತದೆ. ಒಂದು ಗಂಟೆಯ ಪರೀಕ್ಷೆಯಲ್ಲಿ ಪಾಸಾಗುವ ಕೋಡು ವಾರಗಟ್ಟಲೆ ಓಡಿದಾಗ ಮಾತ್ರ ತನ್ನ ದೋಷವನ್ನು ಹೊರಗೆಡಹುತ್ತದೆ. ಆದ್ದರಿಂದ ಪತ್ತೆಯ ವಿಧಾನಗಳು ಬೆಳೆದ ಬಗೆಯನ್ನು ಎರಡು ಪ್ರಶ್ನೆಗಳ ಮೂಲಕ ಓದಬಹುದು ಎಂಬುದು ಈ ಲೇಖನದ ವಾದ. ಸೋರಿಕೆ ಎಂದು ಯಾವುದನ್ನು ಕರೆಯಬೇಕು? ಆ ತಪಾಸಣೆಯ ಭಾರವನ್ನು ಓಡುತ್ತಿರುವ ಸರ್ವರ್ ಎಷ್ಟು ಹೊರಬಲ್ಲದು?

ಮೊದಲ ಪ್ರಶ್ನೆಗೆ ಆರಂಭಿಕ ಉತ್ತರ 1960ರಲ್ಲೇ ಇತ್ತು. ಲಿಸ್ಪ್ ಭಾಷೆಯ ಕುರಿತ ತಮ್ಮ ಪ್ರಬಂಧದಲ್ಲಿ ಜಾನ್ ಮೆಕಾರ್ಥಿ, ಪ್ರೋಗ್ರಾಂ ಯಾವ ದಾರಿಯಿಂದಲೂ ತಲುಪಲಾಗದ ಮೆಮೊರಿಯನ್ನು ತಾನಾಗಿ ಮರಳಿ ಪಡೆಯುವ ಕ್ರಮವನ್ನು ವಿವರಿಸಿದರು. ಅದೇ ವರ್ಷ ಜಾರ್ಜ್ ಕಾಲಿನ್ಸ್ ಉಲ್ಲೇಖಗಳನ್ನು ಎಣಿಸುವ ಇನ್ನೊಂದು ದಾರಿ ತೋರಿದರು. ಒಂದನ್ನೊಂದು ಸುತ್ತಿ ಹಿಡಿದ ದತ್ತಾಂಶ ಈ ಎಣಿಕೆಗೆ ಸಿಗದು ಎಂಬುದೂ 1963ರ ಹೊತ್ತಿಗೆ ಗೊತ್ತಾಗಿತ್ತು. ಸಿ ಭಾಷೆ ಈ ಸೌಲಭ್ಯವನ್ನೇ ಕೊಡಲಿಲ್ಲ. ಪಡೆದದ್ದನ್ನು ಹಿಂತಿರುಗಿಸುವ ಹೊಣೆ ಪೂರ್ತಿ ಪ್ರೋಗ್ರಾಮರ್‌ನ ಮೇಲೆ ಬಿತ್ತು.

ಆ ಹೊಣೆಗೆ ಆಸರೆಯಾಗಿ ಬಂದದ್ದು ಪ್ಯೂರಿಫೈ. ರೀಡ್ ಹೇಸ್ಟಿಂಗ್ಸ್ ಮತ್ತು ಬಾಬ್ ಜಾಯ್ಸ್ ಅದರ ಪ್ರಬಂಧವನ್ನು ಯೂಸ್‌ನಿಕ್ಸ್ ಸಮ್ಮೇಳನದಲ್ಲಿ ಮಂಡಿಸಿದ್ದು 1992ರಲ್ಲೇ, ಲಂಡನ್ ವ್ಯವಸ್ಥೆ ಕುಸಿದ ವರ್ಷ. ಮೂಲ ಕೋಡನ್ನು ಮುಟ್ಟದೆ ಆಬ್ಜೆಕ್ಟ್ ಫೈಲ್‌ಗಳಲ್ಲೇ ತಪಾಸಣೆಯ ಸೂಚನೆಗಳನ್ನು ಸೇರಿಸುವುದು ಅದರ ಉಪಾಯ. ಸೋರಿಕೆಯನ್ನು ಹುಡುಕಲು ಅದು ಮೆಕಾರ್ಥಿಯ ದಾರಿಯನ್ನೇ ತಿರುಗಿಸಿ ಬಳಸಿತು. ಸ್ಟ್ಯಾಕ್ ಮತ್ತು ಜಾಗತಿಕ ದತ್ತಾಂಶದಿಂದ ಹೊರಟು, ಪಾಯಿಂಟರ್‌ನಂತೆ ಕಾಣುವ ಪ್ರತಿ ಮೌಲ್ಯವನ್ನೂ ಹಿಂಬಾಲಿಸಿ, ಗುರುತು ಬೀಳದೆ ಉಳಿದ ತುಂಡುಗಳನ್ನು ಅವು ಹುಟ್ಟಿದ ಜಾಗದ ವಿವರದೊಂದಿಗೆ ವರದಿ ಮಾಡಿತು. ಅವನ್ನು ತಾನೇ ಬಿಡುಗಡೆ ಮಾತ್ರ ಮಾಡಲಿಲ್ಲ. 2002ರಲ್ಲಿ ಜೂಲಿಯನ್ ಸೀವರ್ಡ್ ಬಿಡುಗಡೆ ಮಾಡಿದ ವ್ಯಾಲ್‌ಗ್ರಿಂಡ್ ಇಂಥ ತಪಾಸಣೆಯನ್ನು ಲಿನಕ್ಸ್‌ನಲ್ಲಿ ಎಲ್ಲರ ಕೈಗೆ ಉಚಿತವಾಗಿ ಕೊಟ್ಟಿತು. ಆದರೆ ಅದರಡಿ ಪ್ರೋಗ್ರಾಂ ಹತ್ತಾರು ಪಟ್ಟು ನಿಧಾನವಾಗುತ್ತದೆ. ಗ್ರಾಹಕರು ಕಾಯುತ್ತಿರುವ ಸರ್ವರ್‌ನಲ್ಲಿ ಅದನ್ನು ಹಚ್ಚುವಂತಿಲ್ಲ.

ಅಷ್ಟರಲ್ಲಿ ಜಾವಾ ಬಂದು ಮೊದಲ ಪ್ರಶ್ನೆಯನ್ನೇ ಅಲುಗಾಡಿಸಿತ್ತು. ಅಲ್ಲಿ ತಲುಪಲಾಗದ ಮೆಮೊರಿ ತಾನಾಗಿ ಮರಳುತ್ತದೆ. ಆದರೂ ಸರ್ವರ್‌ಗಳು ಸೋರಿದವು. ಒಬ್ಬ ಗ್ರಾಹಕ ಹೊರಟುಹೋದ ಮೇಲೂ ಅವನ ಸೆಷನ್ ಒಂದು ಹ್ಯಾಶ್ ಮ್ಯಾಪ್‌ನಲ್ಲಿ ಕೂತಿರುತ್ತದೆ. ದಾರಿ ಇದೆ, ಆ ದಾರಿಯಲ್ಲಿ ಇನ್ನು ಯಾರೂ ಬರುವುದಿಲ್ಲ. ಇದನ್ನು ಯಾವ ಗುರುತು ಹಾಕುವ ವಿಧಾನವೂ ಹಿಡಿಯಲಾರದು.

ಈ ತೊಡಕಿಗೆ ಅತ್ಯಂತ ಚುರುಕಾದ ಉತ್ತರ, ನನ್ನ ಅಂದಾಜಿನಲ್ಲಿ, 2004ರಲ್ಲಿ ಮೈಕ್ರೋಸಾಫ್ಟ್ ರಿಸರ್ಚ್‌ನ ತ್ರಿಶೂಲ್ ಚಿಲಿಂಬಿ ಅವರು ಮಥಿಯಾಸ್ ಹೌಸ್ವಿರ್ತ್ ಜೊತೆ ಪ್ರಕಟಿಸಿದ ಸ್ವಾಟ್. ಬಹುಕಾಲದಿಂದ ಯಾರೂ ಮುಟ್ಟದ ವಸ್ತುವನ್ನು ಅವರು ಸಂಶಯದ ಪಟ್ಟಿಗೆ ಸೇರಿಸಿದರು. ಪ್ರತಿ ಸ್ಪರ್ಶವನ್ನೂ ದಾಖಲಿಸಿದರೆ ಸರ್ವರ್ ಕುಂಟುತ್ತದೆ. ಹಾಗಾಗಿ ಸದಾ ಓಡುವ ಕೋಡಿನ ಭಾಗಗಳನ್ನು ಅಪರೂಪಕ್ಕೆ, ಅಪರೂಪಕ್ಕೆ ಓಡುವ ಭಾಗಗಳನ್ನು ಹೆಚ್ಚಾಗಿ ಗಮನಿಸುವ ಏರ್ಪಾಡು ಮಾಡಿದರು. ಹೆಚ್ಚುವರಿ ಭಾರ ಶೇ. 5ಕ್ಕಿಂತ ಕೆಳಗೆ ನಿಂತಿತು. ಖಚಿತ ತೀರ್ಪಿನ ಬದಲು ಸಂಭವನೀಯತೆಯನ್ನು ಒಪ್ಪಿಕೊಂಡ ಈ ನಡೆಯಿಂದ ಎರಡನೆಯ ಪ್ರಶ್ನೆಗೆ ದಾರಿ ತೆರೆಯಿತು.

ಈಗ ಬಳಕೆಯಲ್ಲಿರುವ ಹೀಪ್ ಪ್ರೊಫೈಲರ್‌ಗಳು ಇದೇ ಮನೋಭಾವದವು. ಜೇಸನ್ ಇವಾನ್ಸ್ ರೂಪಿಸಿದ ಜೆಮ್ಯಾಲಕ್, ಪ್ರೊಫೈಲಿಂಗ್ ಚಾಲೂ ಮಾಡಿದಾಗ, ಸರಾಸರಿ 512 ಕಿಲೋಬೈಟ್ ಹಂಚಿಕೆಗೆ ಒಂದರಂತೆ ಮಾದರಿ ತೆಗೆದು, ಆ ಹಂಚಿಕೆಯನ್ನು ಕೇಳಿದ ಫಂಕ್ಷನ್‌ಗಳ ಸರಣಿಯನ್ನು ಬರೆದಿಡುತ್ತದೆ. ಮೆಮೊರಿ ಮರಳಿದಾಗ ಆ ನಮೂದನ್ನು ಅಳಿಸುತ್ತದೆ. ಬೆಳಿಗ್ಗೆ ಒಂದು, ಸಂಜೆ ಒಂದು ಡಂಪ್ ತೆಗೆದು ಒಂದರಿಂದ ಇನ್ನೊಂದನ್ನು ಕಳೆದರೆ, ಬೆಳೆಯುತ್ತಲೇ ಹೋದ ಸರಣಿ ಮೇಲಕ್ಕೆ ಬರುತ್ತದೆ. ಒಂದೇ ಡಂಪ್ ನೋಡಿದವರಿಗೆ ದೊಡ್ಡ ಕ್ಯಾಶ್ ಕೂಡ ಕಳ್ಳನಂತೆ ಕಾಣುತ್ತದೆ.

ಇದರ ಪಕ್ಕದಲ್ಲೇ ಇನ್ನೊಂದು ಪರಂಪರೆ ನಡೆದುಬಂದಿದೆ. 1995ರಲ್ಲಿ ಎಟಿ ಅಂಡ್ ಟಿ ಬೆಲ್ ಲ್ಯಾಬ್ಸ್‌ನ ಹುವಾಂಗ್, ಕಿಂತಲ ಮತ್ತು ಸಂಗಡಿಗರು ವ್ಯವಸ್ಥೆಯನ್ನು ಆಗಾಗ ಬೇಕೆಂದೇ ನಿಲ್ಲಿಸಿ ಹೊಸದಾಗಿ ಆರಂಭಿಸುವ ಕ್ರಮವನ್ನು ಶಾಸ್ತ್ರೀಯವಾಗಿ ವಿಶ್ಲೇಷಿಸಿದರು. ಸೇವೆ ಉಳಿಸಲು ಇದು ಸರಿಯಾದ ಕ್ರಮವೇ. ಪತ್ತೆಗೆ ಮಾತ್ರ ಹಾನಿ, ಏಕೆಂದರೆ ಪ್ರತಿ ಮರುಚಾಲನೆ ಸಾಕ್ಷ್ಯವನ್ನೂ ಒರೆಸಿಹಾಕುತ್ತದೆ.

ಇಷ್ಟೆಲ್ಲ ಸಾಧನಗಳಿದ್ದೂ 2012ರ ಅಕ್ಟೋಬರ್ 22ರಂದು ಅಮೆಜಾನ್‌ನ ಉತ್ತರ ವರ್ಜೀನಿಯಾ ಕೇಂದ್ರದ ಶೇಖರಣಾ ಸರ್ವರ್‌ಗಳು ಸೋರಿಕೆಗೆ ಸಿಕ್ಕಿಬಿದ್ದವು. ಅಂಕಿಅಂಶ ಸಂಗ್ರಹಿಸುವ ಸಹಾಯಕ ಪ್ರೋಗ್ರಾಂ ಒಂದು, ಕೆಟ್ಟುಹೋಗಿ ಬದಲಾಯಿಸಲಾಗಿದ್ದ ಯಂತ್ರವನ್ನೇ ಮತ್ತೆ ಮತ್ತೆ ಸಂಪರ್ಕಿಸಲು ಹೋಗಿ ಮೆಮೊರಿ ಕಳೆಯುತ್ತಿತ್ತು. ಈ ಸರ್ವರ್‌ಗಳು ಇರುವ ಮೆಮೊರಿಯನ್ನೆಲ್ಲ ಸದಾ ಏರಿಳಿತದಲ್ಲಿ ಬಳಸುವುದರಿಂದ ಒಟ್ಟು ಬಳಕೆ ನೋಡಿ ಎಚ್ಚರಿಕೆ ಗಂಟೆ ಇಡುವುದು ಕಷ್ಟ ಎಂದು ಕಂಪನಿ ತನ್ನ ವರದಿಯಲ್ಲಿ ಬರೆದುಕೊಂಡಿದೆ. ಸರ್ವರ್ ನಡೆಸುವವರು ಒಟ್ಟು ಮೆಮೊರಿಯ ಜೊತೆಗೆ ಪ್ರತಿ ಪ್ರಕ್ರಿಯೆಯ ಬೆಳವಣಿಗೆಯನ್ನೂ ಬೇರೆಬೇರೆಯಾಗಿ ಅಳೆಯಬೇಕು, ಮರುಚಾಲನೆಗೆ ಮೊದಲು ಒಂದು ಡಂಪ್ ತೆಗೆದಿಡಬೇಕು.